ಹೇಳಿದ ಎಕರೆ, ಅಳೆದ ಎಕರೆ: ಕಲಬುರಗಿ ಜಿಲ್ಲೆಯ ಒಂದು ತೊಗರಿ ಸಮೀಕ್ಷೆಯ ಪ್ರಕರಣ

ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕಿನ ರೈತರ ಸಂಘದಲ್ಲಿ ನಡೆದ ವಿಷಯ ಇದು. ಸಂಘ ಯಾವುದು, ಊರು ಯಾವುದು, ಜನ ಯಾರು ಅಂತ ಗೊತ್ತಾಗದ ಹಾಗೆ ವಿವರ ಬದಲಿಸಿದ್ದೇನೆ. ಅಂಕಿಗಳನ್ನೂ ಬಾಯಲ್ಲೇ ಗುಣಿಸಿ ನೋಡಲು ಬರುವ ಹಾಗೆ ದುಂಡಗೆ ಮಾಡಿದ್ದೇನೆ. ಅವು ಲೆಕ್ಕದ ದಾರಿ ತೋರಿಸಲು ಮಾತ್ರ. ಜಿಲ್ಲೆಯ ಅಂಕಿಅಂಶ ಅಂತ ಎಲ್ಲೂ ಎತ್ತಿಕೊಳ್ಳಬೇಡಿ. ಈ ಕೆಲಸದಲ್ಲಿ ನಾನು ಸಂಘಕ್ಕೆ ಲೆಕ್ಕದ ನೆರವು ಕೊಡುತ್ತಿದ್ದೆ.

ಹಿನ್ನೆಲೆ

ಕಪ್ಪು ಮಣ್ಣು, ಮಳೆ ನಂಬಿದ ಬೇಸಾಯ, ಬೆಳೆ ತೊಗರಿ. ಜೂನ್ ಜುಲೈನಲ್ಲಿ ಬಿತ್ತಿದರೆ ರಾಶಿ ಆಗುವುದು ಡಿಸೆಂಬರ್ ಜನವರಿ ಹೊತ್ತಿಗೆ. ನಡುವೆ ಕಳೆ ತೆಗೆಸಬೇಕು, ಕಾಯಿಕೊರಕ ಬಿದ್ದರೆ ಔಷಧಿ ಹೊಡೆಯಬೇಕು. ಆಗ ಕೈಯಲ್ಲಿ ದುಡ್ಡಿರುವುದಿಲ್ಲ. ಅಡತಿ ಅಂಗಡಿಯಲ್ಲಿ (ಕಮಿಷನ್ ಮೇಲೆ ಮಾಲು ಮಾರಿಸುವ ಅಂಗಡಿ) ಮುಂಗಡ ತಂದರೆ ಮಾಲನ್ನು ಅಲ್ಲಿಗೇ ಹಾಕಬೇಕು, ರೇಟು ಕೇಳುವ ಹಾಗಿಲ್ಲ. ಅದಕ್ಕೇ ಸಂಘ ತನ್ನ ಸದಸ್ಯರಿಗೆ ಸಣ್ಣ ಸಾಲ ಕೊಡಬೇಕು ಅಂತ ತೀರ್ಮಾನಿಸಿತು. ಸಾಲದ ಮಿತಿಯನ್ನು ಬರುವ ಬೆಳೆಯ ಅಂದಾಜಿನ ಮೇಲೆ ಕಟ್ಟಬೇಕಿತ್ತು.

ಸಂಘದ ಮುಂದೆ ಎರಡು ಪ್ರಶ್ನೆ ಇದ್ದವು. ಒಂದು, ಸಣ್ಣ ಹಿಡುವಳಿಯವರು ಎಕರೆಗೆ ಜಾಸ್ತಿ ಬೆಳೆಯುತ್ತಾರಾ, ಕಡಿಮೆ ಬೆಳೆಯುತ್ತಾರಾ? ಇದು ಗೊತ್ತಾದರೆ ಸಾಲದ ನಿಯಮ ಹೇಗಿರಬೇಕು ಅಂತ ಮಾತಾಡಬಹುದು. ಎರಡು, ಈ ಒಬ್ಬ ಸದಸ್ಯರಿಗೆ ಈ ಸಲ ಎಷ್ಟು ಕ್ವಿಂಟಲ್ ಬರಬಹುದು? ಮೊದಲನೆಯದು ಅರ್ಥ ಮಾಡಿಕೊಳ್ಳುವ ಪ್ರಶ್ನೆ. ಎರಡನೆಯದು ಮುಂದಾಗುವುದನ್ನು ಅಂದಾಜು ಮಾಡುವ ಪ್ರಶ್ನೆ. ಒಂದೇ ಸಮೀಕ್ಷೆ, ಒಂದೇ ಲೆಕ್ಕ ಎರಡಕ್ಕೂ ಸಾಕು ಅಂತ ಎಲ್ಲರೂ ಅಂದುಕೊಂಡಿದ್ದರು. ಮುಂದೆ ಆದ ಗೊಂದಲಕ್ಕೆಲ್ಲ ಬೇರು ಅಲ್ಲೇ ಇತ್ತು.

ಊರಿನ ಹುಡುಗ ಹುಡುಗಿಯರೇ ಮೊಬೈಲ್ ಹಿಡಿದು ಮನೆಮನೆಗೆ ಹೋದರು. ಹೊಲ ಎಷ್ಟು ಎಕರೆ, ಹೋದ ವರ್ಷ ತೊಗರಿ ಎಷ್ಟಾಯಿತು, ಮನೆ ಖರ್ಚು ಎಷ್ಟು ಅಂತ ಕೇಳಿ ತುಂಬಿಸಿದರು. ಪಹಣಿ ನೋಡಿದರೆ ಸಾಲದಾ ಅಂತ ಕೇಳಬಹುದು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ, 12ರಲ್ಲಿ ಸಾಗುವಳಿ ಮಾಡುವವರದ್ದು ಮತ್ತು ಬೆಳೆಯದ್ದು. ಆದರೆ ಅಣ್ಣತಮ್ಮಂದಿರು ಬಾಯಿಮಾತಲ್ಲಿ ಪಾಲಾಗಿ, ಪೋಡಿ, ಅಂದರೆ ದಾಖಲೆಯಲ್ಲಿ ಅಳೆದು ಪಾಲು ಮಾಡುವುದು, ಆಗದೆ ಉಳಿದ ಹೊಲ ಎಷ್ಟೋ. ಲಾವಣಿಗೆ (ಗುತ್ತಿಗೆಗೆ) ಹಾಕಿಕೊಂಡ ಹೊಲವಂತೂ ಕಾಗದದಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಜನ ಹೇಳಿದ್ದನ್ನೇ ಬರೆದುಕೊಂಡರು.

ಎದ್ದ ಸಮಸ್ಯೆ

ಮೊದಲ ಲೆಕ್ಕದಲ್ಲಿ ಚಿತ್ರ ಸ್ಪಷ್ಟವಾಗಿತ್ತು. ಹೊಲ ಸಣ್ಣದಾದಷ್ಟೂ ಎಕರೆ ಇಳುವರಿ ಜಾಸ್ತಿ. ಸಭೆಯಲ್ಲಿ ಎಲ್ಲರಿಗೂ ಖುಷಿ. ಈ ಮಾತು ನಮ್ಮ ದೇಶಕ್ಕೆ ಹೊಸದೇನಲ್ಲ. 1950ರ ದಶಕದ ಕೃಷಿ ನಿರ್ವಹಣಾ ಅಧ್ಯಯನಗಳಲ್ಲಿ ಇದು ಕಾಣಿಸಿಕೊಂಡಿತ್ತು. 1962ರಲ್ಲಿ ಅಮರ್ತ್ಯ ಸೇನ್ ಇದರ ಬಗ್ಗೆ ಬರೆದ ಮೇಲೆ ವಾದ ಇವತ್ತಿಗೂ ನಿಂತಿಲ್ಲ. ಸಂಘದವರಿಗೂ ಸಣ್ಣ ರೈತರ ಪರ ಒಂದು ಪುರಾವೆ ಸಿಕ್ಕ ಹಾಗಾಯಿತು.

ಒಪ್ಪದವರು ಸಂಘದ ಒಬ್ಬ ಹಿರಿಯ ನಿರ್ದೇಶಕರು ಮಾತ್ರ. ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಬಹಳ ವರ್ಷ ತೂಕದ ಕೆಲಸ ಮಾಡಿದವರು. ಪಟ್ಟಿಯಲ್ಲಿದ್ದ ಒಂದು ಮನೆ ಅವರಿಗೆ ಗೊತ್ತಿತ್ತು. ನಾಲ್ಕು ಎಕರೆ, ಹದಿನೆಂಟು ಕ್ವಿಂಟಲ್ ಅಂತ ಬರೆದಿತ್ತು. "ಆ ಹೊಲದಾಗ ಇಷ್ಟ ಬೆಳೀಲಿಕ್ಕೆ ಸಾಧ್ಯನೇ ಇಲ್ಲ ಸರ್ರ, ಮತ್ತೊಮ್ಮೆ ಕೇಳ್ಸ್ರಿ" ಅಂದರು.

ಮತ್ತೆ ಹೋದಾಗ ಆ ಮನೆಯ ಅಜ್ಜಿ ಅಂಗಳದಲ್ಲೇ ಕೂತಿದ್ದರು. ಹುಡುಗ ಕೇಳಿದ: "ಹೋದ ವರ್ಷ ಎಷ್ಟ ಆಗಿತ್ರಿ ಅವ್ವಾರ?"

"ಹದಿನೆಂಟ ಚೀಲ ಆಗಿತ್ತಪ್ಪ. ಹೇಳೀನಲ್ಲ ಅವತ್ತೇ."

"ಯಾವ ಚೀಲ ಯವ್ವಾ? ತಟ್ಟಿನ ಚೀಲೋ, ಗೊಬ್ಬರದ ಚೀಲೋ?"

"ಗೊಬ್ಬರದ್ದೇ. ತಟ್ಟಿನ ಚೀಲ ಎಲ್ಲಿಂದ ತರ್ಲಿ ನಾ?"

ಖಾಲಿ ಯೂರಿಯಾ ಚೀಲಕ್ಕೆ ತೊಗರಿ ತುಂಬಿದರೆ ಅರ್ಧ ಕ್ವಿಂಟಲ್ ಆಸುಪಾಸು ಹಿಡಿಯುತ್ತದೆ. ತುಂಬು ತಟ್ಟಿನ ಚೀಲ, ಅಂದರೆ ಸೆಣಬಿನ ಗೋಣಿ, ಕ್ವಿಂಟಲ್‌ಗೆ ಹತ್ತಿರ. ಮೊದಲ ಸಲ ಹೋದ ಹುಡುಗ ಚೀಲ ಅಂದರೆ ಕ್ವಿಂಟಲ್ ಅಂತ ತಾನೇ ತಿಳಿದು 18 ಒತ್ತಿದ್ದ. ಅಜ್ಜಿ ಟ್ರಂಕಿನಿಂದ ಅಡತಿ ಪಟ್ಟಿ ತೆಗೆದು ತೋರಿಸಿದರು. ನಾಲ್ಕು ಮಡಿಕೆ ಮಾಡಿದ ತೆಳು ಹಳದಿ ಹಾಳೆ. ಹಮಾಲಿ, ತೂಕ, ಎಲ್ಲ ಕಳೆದು ಬರೆದದ್ದು. ಮಾರಿದ್ದು 8 ಕ್ವಿಂಟಲ್ ಚಿಲ್ಲರೆ. ಬೀಜಕ್ಕೆ ಇಟ್ಟದ್ದು, ಮನೆ ಬೇಳೆಗೆ ಒಡೆಸಿದ್ದು, ಮಗಳ ಮನೆಗೆ ಕಳಿಸಿದ್ದು, ಕೂಲಿಗೆ ಕಾಳೇ ಕೊಟ್ಟದ್ದು ಸೇರಿಸಿದರೆ ಒಂಬತ್ತೂವರೆ ಹತ್ತಿರ.

ಇಲ್ಲಿ ಒಂದು ವಿಷಯ ಗಮನಿಸಬೇಕು. ನಾಲ್ಕು ಎಕರೆಗೆ 18 ಅಂದರೆ ಎಕರೆಗೆ ನಾಲ್ಕೂವರೆ ಕ್ವಿಂಟಲ್. ಒಳ್ಳೆ ಮಳೆ, ಒಳ್ಳೆ ಹೊಲ ಇದ್ದರೆ ಬರಬಹುದಾದ ಇಳುವರಿಯೇ. ಕಂಪ್ಯೂಟರಿನಲ್ಲಿ ಹಾಕಿದ್ದ ತಪಾಸಣೆ ಅದನ್ನು ಹಿಡಿಯಲು ಸಾಧ್ಯವೇ ಇರಲಿಲ್ಲ. ನಲವತ್ತು ಕ್ವಿಂಟಲ್ ಅಂತ ಒತ್ತಿದ್ದರೆ ಕೆಂಪು ಗುರುತು ಬರುತ್ತಿತ್ತು. ನಂಬುವ ಹಾಗಿರುವ ತಪ್ಪು ಸುಮ್ನೆ ಒಳಗೆ ಹೋಗಿ ಕೂರುತ್ತದೆ. ಅತಿರೇಕದ ಅಂಕಿ ಕಿತ್ತುಹಾಕಿದರೆ ಡೇಟಾ ಸ್ವಚ್ಛ ಅಂತ ಹೇಳುವವರನ್ನು ಕಂಡರೆ ಅಂದಿನಿಂದ ನನಗೆ ಅನುಮಾನ.

ಚೀಲದ ತಪ್ಪು ಎಲ್ಲರಲ್ಲೂ ಒಂದೇ ಸಮ ಇದ್ದಿದ್ದರೆ ತೊಂದರೆ ಇಷ್ಟಿರುತ್ತಿರಲಿಲ್ಲ. ದೊಡ್ಡ ಹಿಡುವಳಿಯವರು ತಟ್ಟಿನ ಚೀಲದಲ್ಲಿ ಟ್ರ್ಯಾಕ್ಟರ್ ಹೇರಿ ಗಂಜ್‌ಗೆ ತರುತ್ತಾರೆ. ಸಣ್ಣವರು ಊರಲ್ಲೇ, ಸಿಕ್ಕ ಚೀಲದಲ್ಲಿ ಕೊಡುತ್ತಾರೆ. ಹಾಗಾಗಿ ಬೆಳೆ ಉಬ್ಬಿದ್ದು ಸಣ್ಣವರ ಲೆಕ್ಕದಲ್ಲೇ ಜಾಸ್ತಿ.

ಎಕರೆ ಕಡೆಯಿಂದಲೂ ಒಂದು ಮೋಸ ಇತ್ತು. ಮೂವರು ರೈತರು, ಮೂವರದ್ದೂ ನಿಜವಾಗಿ 5 ಎಕರೆ, 15 ಕ್ವಿಂಟಲ್ ಅಂದುಕೊಳ್ಳಿ. ಒಬ್ಬರು ಸರಿಯಾಗಿ 5 ಅಂದರು, ಇಳುವರಿ ಎಕರೆಗೆ 3. ಇನ್ನೊಬ್ಬರು 4 ಅಂದರು, ಅವರದ್ದು 3.75 ಆಯಿತು. ಮತ್ತೊಬ್ಬರು 6 ಅಂದರು, 2.5 ಆಯಿತು. ಹೊಲ, ಬೆಳೆ ಎಲ್ಲ ಒಂದೇ. ಆದರೂ ಸಣ್ಣವರು ಚೆನ್ನಾಗಿ ಬೆಳೆಯುತ್ತಾರೆ ಅನ್ನುವ ಚಿತ್ರ ತಯಾರಾಯಿತು. ಭಾಗಿಸುವ ಅಂಕಿಯಲ್ಲೇ ತಪ್ಪಿದ್ದರೆ ಹೀಗಾಗುತ್ತದೆ. ಒಂದೇ ತಪ್ಪು ಎಕರೆಯಲ್ಲೂ ಇದೆ, ಇಳುವರಿಯಲ್ಲೂ ಇದೆ, ಎದುರು ಬದರು ದಿಕ್ಕಿನಲ್ಲಿ.

ಮಾಡಿ ನೋಡಿದ್ದು

ಉಳಿದ ದುಡ್ಡಲ್ಲಿ ಇನ್ನಷ್ಟು ಮನೆ ಸೇರಿಸೋಣ ಅಂತ ಕೆಲವರು. ಇರುವ ಮನೆಗಳಲ್ಲೇ ಕೆಲವನ್ನು ಸರಿಯಾಗಿ ಅಳೆಯೋಣ ಅಂತ ಕೆಲವರು. ನಾನು ಎರಡನೆಯ ಗುಂಪಿನಲ್ಲಿದ್ದೆ. ಮನೆ ಹೆಚ್ಚಿದಷ್ಟೂ ಸ್ಯಾಂಪಲ್ಲಿನ ಏರುಪೇರು ಇಳಿಯುತ್ತದೆ, ಅಳತೆಯ ತಪ್ಪು ಹಾಗೇ ಉಳಿಯುತ್ತದೆ. ತಪ್ಪಾದ ಉತ್ತರ ಇನ್ನೂ ಗಟ್ಟಿಯಾಗಿ ಬರುತ್ತದೆ, ಅಷ್ಟೇ. ಈ ವಾದದಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಹೆಸರು ಕೆಲಸಕ್ಕೆ ಬಂತು. ಒಂದೇ ಪ್ರದೇಶಕ್ಕೆ ಬೇರೆ ಬೇರೆ ತಂಡ ಕಳಿಸಿ, ಎರಡರ ಉತ್ತರ ಹೋಲಿಸುವ ಪದ್ಧತಿಯನ್ನು ಅವರು ಬಹಳ ಹಿಂದೆಯೇ ರೂಢಿಗೆ ತಂದಿದ್ದರು. ಸಮೀಕ್ಷೆಯಲ್ಲಿ ಕೇಳುವವರಿಂದಲೂ ತಪ್ಪು ಬರುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿದವರು ಅವರು.

ಚೀಟಿ ಎತ್ತಿ ಒಂದಿಷ್ಟು ಮನೆ ಆರಿಸಿದರು. ರಸ್ತೆ ಪಕ್ಕದ್ದು, ಪರಿಚಯದ್ದು ಅಂತ ಆರಿಸಬಾರದು ಅನ್ನುವುದರಲ್ಲಿ ನಿರ್ದೇಶಕರು ಬಹಳ ಬಿಗಿ. ಆ ಮನೆಗಳ ಹೊಲದ ಬದು ಹಿಡಿದು ಜಿಪಿಎಸ್ ಇಟ್ಟುಕೊಂಡು ಸುತ್ತು ನಡೆದರು. ತೀರಾ ಸಣ್ಣ ತುಂಡುಗಳಿಗೆ ಮೊಬೈಲ್ ಜಿಪಿಎಸ್ ನಂಬುವ ಹಾಗಿಲ್ಲ, ಅಲ್ಲಿ ಟೇಪು ಹಿಡಿದರು. ಬೆಳೆಗೆ ಅಡತಿ ಪಟ್ಟಿ, ಮನೆಯಲ್ಲಿ ಉಳಿಸಿಕೊಂಡದ್ದು, ಕೊಟ್ಟದ್ದು ಎಲ್ಲ ಕೂಡಿಸಿದರು. ಬೆಳೆ ಕಟಾವು ಪ್ರಯೋಗ, ಅಂದರೆ ಹೊಲದ ಒಂದು ತುಂಡು ಕೊಯ್ದು ತೂಗುವುದು, ಮಾಡೋಣ ಅಂತ ಒಬ್ಬರು ಅಂದರು, ಆದರೆ ಹೋದ ವರ್ಷದ ಬೆಳೆ ಹೊಲದಲ್ಲಿ ಎಲ್ಲಿತ್ತು? ಅಲ್ಲದೆ ಕಟಾವಿನ ತುಂಡು ತೀರಾ ಚಿಕ್ಕದಾದರೆ ಅಂಚಿನ ಗಿಡ ಒಳಗೆ ಸೇರಿ ಇಳುವರಿ ಜಾಸ್ತಿ ತೋರಿಸುತ್ತದೆ. ಅದನ್ನು ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ 1940ರ ದಶಕದಲ್ಲೇ ತೋರಿಸಿದ್ದರು.

ಅಳೆದ ಮೇಲೆ ಕಂಡದ್ದು ಇಷ್ಟು. ಜನ ಹೇಳುವ ಎಕರೆ ಇಡೀ ಸಂಖ್ಯೆಗಳಲ್ಲೇ ಗುಂಪು ಕಟ್ಟುತ್ತದೆ. 4 ಎಕರೆ 30 ಗುಂಟೆ ಯಾರ ಬಾಯಲ್ಲೂ ಬರುವುದಿಲ್ಲ, ನಾಲ್ಕು ಅಂತಾರೆ ಇಲ್ಲ ಐದು ಅಂತಾರೆ. ಸಣ್ಣವರು ಹಳ್ಳ ಕೊರೆದು ತಿಂದ ಜಾಗ, ಬದು ಎಲ್ಲ ಸೇರಿಸಿ ಒಂದಿಷ್ಟು ಜಾಸ್ತಿ ಹೇಳುತ್ತಾರೆ. ದೊಡ್ಡವರಲ್ಲಿ ಕೆಲವರು ಕಡಿಮೆ ಹೇಳುತ್ತಾರೆ. ರೇಷನ್ ಕಾರ್ಡಿನ ಭಯ ಇರಬಹುದು. ಉಗಾಂಡಾದ ರೈತರ ಡೇಟಾ ಮೇಲೆ 2013ರಲ್ಲಿ ಬಂದ ಅಧ್ಯಯನದಲ್ಲೂ ಇದೇ ನಡೆ ಕಂಡಿತ್ತು. ಅಲ್ಲಿ ಜಿಪಿಎಸ್ ಎಕರೆ ಹಾಕಿದರೂ ಸಣ್ಣ ಹಿಡುವಳಿಯ ಇಳುವರಿಯೇ ಮೇಲಿತ್ತು. ಅದೇ ದೇಶದಲ್ಲಿ ಮೆಕ್ಕೆಜೋಳದ ಬಗ್ಗೆ 2019ರಲ್ಲಿ ಬಂದ ಇನ್ನೊಂದು ಅಧ್ಯಯನ ಬೆಳೆಯನ್ನೂ ಕಟಾವು ಮಾಡಿ ತೂಗಿತು. ಆಗ ಆ ಸಂಬಂಧವೇ ಮಾಯ. ನಮ್ಮ ಸಂಘದಲ್ಲೂ ಚೀಲ ಸರಿಪಡಿಸಿ, ಎಕರೆ ಅಳೆದು ಹಾಕಿದ ಮೇಲೆ ಸಣ್ಣ ದೊಡ್ಡ ಅನ್ನುವ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಯಿತು. ಸಭೆಯಲ್ಲಿ ಈ ಸಲ ಯಾರಿಗೂ ಖುಷಿ ಆಗಲಿಲ್ಲ.

ಮನೆ ಖರ್ಚಿನ ಪ್ರಶ್ನೆಗಳನ್ನು ಬಿಟ್ಟೇಬಿಟ್ಟರು. ಎಷ್ಟು ದಿನದ ಖರ್ಚು ನೆನಪಿಸಿಕೊಂಡು ಹೇಳಿ ಅಂತ ಕೇಳುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. 1999-2000ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 55ನೇ ಸುತ್ತಿನಲ್ಲಿ ಅದೇ ಮನೆಗಳಿಗೆ 7 ದಿನದ್ದೂ 30 ದಿನದ್ದೂ ಕೇಳಿ, ಬಡತನದ ಅಂಕಿ ಹೋಲಿಸಲು ಬರುತ್ತದಾ ಇಲ್ಲವಾ ಅಂತ ದೇಶದ ಅರ್ಥಶಾಸ್ತ್ರಜ್ಞರೇ ವರ್ಷಗಟ್ಟಲೆ ಜಗಳ ಆಡಿದರು. ನಮಗೆ ಅಷ್ಟು ತಾಳ್ಮೆ ಇರಲಿಲ್ಲ.

ತಿರುವು ಇಲ್ಲೇ

ಈಗ ಎರಡನೆಯ ಪ್ರಶ್ನೆ. ಎಕರೆ ಕೊಟ್ಟರೆ ಕ್ವಿಂಟಲ್ ಹೇಳುವ ಒಂದು ಗೆರೆ ಬೇಕು. ರಿಗ್ರೆಷನ್ (ಅಂಕಿಗಳ ನಡುವೆ ಚೆನ್ನಾಗಿ ಹೊಂದುವ ಗೆರೆ ಹುಡುಕುವ ಲೆಕ್ಕ) ಹಾಕಿದಾಗ ಎಕರೆಯಲ್ಲಿ ತಪ್ಪಿದ್ದರೆ ಗೆರೆಯ ಇಳಿಜಾರು ಚಪ್ಪಟೆಯಾಗುತ್ತದೆ. ಎಷ್ಟು ಚಪ್ಪಟೆ? ಎಕರೆಯ ನಿಜವಾದ ವೇರಿಯನ್ಸ್ (ಅಂಕಿಗಳು ಎಷ್ಟು ಹರಡಿವೆ ಅನ್ನುವ ಅಳತೆ) 4, ತಪ್ಪಿನ ವೇರಿಯನ್ಸ್ 1, ತಪ್ಪು ಯಾದೃಚ್ಛಿಕ, ಅಂದರೆ ಯಾವ ಕಡೆಗೂ ವಾಲದ್ದು, ಅಂದುಕೊಳ್ಳಿ. 4ನ್ನು 5ರಿಂದ ಭಾಗಿಸಿದರೆ 0.8. ನಿಜವಾಗಿ ಒಂದು ಎಕರೆಗೆ 3 ಕ್ವಿಂಟಲ್ ಏರಬೇಕಾದ ಗೆರೆ 2.4 ಮಾತ್ರ ಏರುತ್ತದೆ. ತಿದ್ದುವುದು ಸುಲಭ, 2.4ನ್ನು 0.8ರಿಂದ ಭಾಗಿಸಿದರಾಯಿತು. ಹೀಗೆ ಕುಗ್ಗಿದ್ದನ್ನು ಹಿಗ್ಗಿಸುವ ದಾರಿಯನ್ನು ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲೇ ಹೇಳಿದ್ದರು.

ಆ 0.8 ಎಲ್ಲಿಂದ ತರುವುದು ಅನ್ನುವುದೇ ಕಷ್ಟದ ಭಾಗ. ಕೆಲವು ವಾರ ಬಿಟ್ಟು ಅದೇ ಜನರನ್ನು ಮತ್ತೆ ಕೇಳಿ, ಎರಡು ಉತ್ತರದ ವ್ಯತ್ಯಾಸದಿಂದ ತಪ್ಪು ಅಂದಾಜು ಮಾಡೋಣ ಅಂತ ತಂಡದ ಒಬ್ಬ ಯುವಕ ಸೂಚಿಸಿದ. ಮಾಡಿದರು. ನಂಬಿಕೆಯ ಪ್ರಮಾಣ, ಅಂದರೆ 0.8ರ ಜಾಗದಲ್ಲಿ ಕೂರುವ ಸಂಖ್ಯೆ, ಒಂದರ ಹತ್ತಿರವೇ ಬಂತು! ಕಾರಣ ಸರಳ. ಮೊದಲ ಸಲ ಐದು ಅಂದವರು ಎರಡನೇ ಸಲವೂ ಐದೇ ಅಂತಾರೆ. ಎರಡು ಉತ್ತರದ ತಪ್ಪು ಒಂದಕ್ಕೊಂದು ಅಂಟಿಕೊಂಡಿದ್ದರೆ ಈ ಉಪಾಯ ನಡೆಯುವುದಿಲ್ಲ. ಪಹಣಿಯ ಎಕರೆಯನ್ನು ಎರಡನೇ ಅಳತೆಯಾಗಿ ಬಳಸಿದ್ದು ಮೇಲಾಯಿತು. ಅದರಲ್ಲೂ ತಪ್ಪಿದೆ, ಆದರೆ ಆ ತಪ್ಪಿಗೂ ಬಾಯಿಮಾತಿನ ತಪ್ಪಿಗೂ ನಂಟು ಕಡಿಮೆ. ಅದೇ ಯುವಕ ಸಿಮೆಕ್ಸ್ ಪದ್ಧತಿಯನ್ನೂ ಹಾಕಿ ನೋಡಿದ. ಕುಕ್ ಮತ್ತು ಸ್ಟೆಫಾನ್‌ಸ್ಕಿ 1994ರಲ್ಲಿ ಕೊಟ್ಟದ್ದು. ಡೇಟಾಗೆ ಬೇಕಂತಲೇ ಇನ್ನಷ್ಟು ತಪ್ಪು ಬೆರೆಸುತ್ತಾ ಹೋಗಿ, ಉತ್ತರ ಹೇಗೆ ಕೆಡುತ್ತದೆ ಅಂತ ನೋಡಿ, ಆ ಜಾಡು ಹಿಡಿದು ತಪ್ಪೇ ಇಲ್ಲದ ಕಡೆಗೆ ಹಿಂದೆ ಬರುವುದು. ಉತ್ತರ ಹತ್ತಿರ ಹತ್ತಿರವೇ ಬಂತು.

ತಿದ್ದಿದ ಗೆರೆ ಸಿಕ್ಕಿತು, ಇಳಿಜಾರು 3. ಸರಿ ಅಂತ ಅದನ್ನೇ ಅಳೆಯದ ಉಳಿದ ಸದಸ್ಯರ ಮೇಲೆ ಹಾಕಿದರು, ಅವರು ಬಾಯಲ್ಲಿ ಹೇಳಿದ ಎಕರೆ ಇಟ್ಟು. ಸಾಲ ಕೊಡುವ ಮುಂಚೆ ನಿರ್ದೇಶಕರು ಒಂದು ಮಾತು ಹೇಳಿದರು: ಅಳೆದ ಮನೆಗಳಲ್ಲಿ ಕೆಲವನ್ನು ಗೆರೆ ಕಟ್ಟುವ ಲೆಕ್ಕದಿಂದ ಹೊರಗೆ ಮುಚ್ಚಿಟ್ಟು, ಅವರಿಗೂ ಇದೇ ಸೂತ್ರ ಹಾಕಿ ನೋಡಿ. ನೋಡಿದರೆ ತಿದ್ದಿದ ಗೆರೆಗಿಂತ ತಿದ್ದದ ಗೆರೆಯೇ ಚೆನ್ನಾಗಿ ಹೇಳುತ್ತಿತ್ತು. ದೊಡ್ಡ ಹೊಲಕ್ಕೆ ಜಾಸ್ತಿ, ಸಣ್ಣ ಹೊಲಕ್ಕೆ ಕಡಿಮೆ ಅಂತ ತಿದ್ದಿದ ಗೆರೆ ಎರಡೂ ತುದಿಯಲ್ಲಿ ಎಡವುತ್ತಿತ್ತು. ಇಷ್ಟೆಲ್ಲ ಮಾಡಿ ಕೆಟ್ಟದ್ದಾಯಿತಲ್ಲ ಅಂತ ತಂಡ ಕೈಚೆಲ್ಲಿ ಕೂತಿತು.

ಮೇಲಿನ ಅಂಕಿಗಳನ್ನೇ ಹಿಡಿದು ನೋಡಿ. ಸರಾಸರಿ 5 ಎಕರೆ, ಸರಾಸರಿ ಬೆಳೆ 15 ಕ್ವಿಂಟಲ್. ಒಬ್ಬರು 10 ಎಕರೆ ಅಂದರು. ತಪ್ಪು ಯಾದೃಚ್ಛಿಕ ಆದರೆ ಹಾಗೆ ಹೇಳುವವರಲ್ಲಿ ಜಾಸ್ತಿ ಹೇಳಿದವರೇ ಹೆಚ್ಚು ಸೇರಿರುತ್ತಾರೆ. ಅವರ ನಿಜವಾದ ಹೊಲ ಸರಾಸರಿಯಲ್ಲಿ 5ರ ಮೇಲೆ 5ರ 0.8 ಪಾಲು, ಅಂದರೆ 9 ಎಕರೆ. ನಿಜವಾದ ಇಳಿಜಾರು 3 ಹಾಕಿದರೆ 15ಕ್ಕೆ 12 ಸೇರಿ 27 ಕ್ವಿಂಟಲ್. ತಿದ್ದದ ಗೆರೆ ಏನು ಹೇಳುತ್ತದೆ? 2.4ನ್ನು 5ರಿಂದ ಗುಣಿಸಿದರೆ 12, ಅದೂ 27. ತಿದ್ದಿದ ಗೆರೆಗೆ ತಿದ್ದದ ಎಕರೆ ಹಾಕಿದರೆ ಮಾತ್ರ 30 ಬರುತ್ತದೆ. ಚಪ್ಪಟೆ ಗೆರೆಯೊಳಗೆ ಬಾಯಿಮಾತಿನ ತಪ್ಪಿಗೆ ಬೇಕಾದ ಕಡಿತ ಆಗಲೇ ಸೇರಿತ್ತು. ಮುಂದೆಯೂ ಬಾಯಿಮಾತಿನ ಎಕರೆಯನ್ನೇ ಕೊಡುವುದಾದರೆ ಚಪ್ಪಟೆ ಗೆರೆಯೇ ಸರಿ. ಎಕರೆ ಹೆಚ್ಚಿದರೆ ನಿಜವಾಗಿ ಎಷ್ಟು ಬೆಳೆ ಹೆಚ್ಚುತ್ತದೆ ಅಂತ ತಿಳಿಯಬೇಕಾದರೆ ತಿದ್ದಿದ ಗೆರೆ ಸರಿ.

ನಮ್ಮ ತಪ್ಪುಗಳು ಪೂರ್ತಿ ಯಾದೃಚ್ಛಿಕ ಅಲ್ಲದ ಕಾರಣ 0.8 ಅನ್ನುವ ಒಂದೇ ಸಂಖ್ಯೆಗೆ ಅಂಟಿಕೊಳ್ಳಲಿಲ್ಲ. ಅಳೆದ ಮನೆಗಳಲ್ಲಿ ಹೇಳಿದ ಎಕರೆ, ಲಾವಣಿ ಇದೆಯಾ, ಯಾವ ಊರು ಅನ್ನುವುದರಿಂದ ಅಳೆದ ಎಕರೆಯನ್ನು ಅಂದಾಜಿಸುವ ಮೊದಲ ಗೆರೆ ಹಾಕಿ, ಆ ಅಂದಾಜನ್ನು ತಿದ್ದಿದ ಗೆರೆಗೆ ಕೊಟ್ಟರು. ಇದು ರಿಗ್ರೆಷನ್ ಕ್ಯಾಲಿಬ್ರೇಷನ್. ಮುಚ್ಚಿಟ್ಟ ಮನೆಗಳ ಮೇಲೆ ಇದು ಎಲ್ಲಕ್ಕಿಂತ ಚೆನ್ನಾಗಿ ನಿಂತಿತು.

ಆಮೇಲೆ ಆದದ್ದು

ಬಡವರ ಪಟ್ಟಿ ಮಾಡುವಾಗ ಇನ್ನೊಂದು ತೊಡಕು. 6 ಕ್ವಿಂಟಲ್‌ಗಿಂತ ಕಡಿಮೆ ಬೆಳೆಯುವವರು ಎಷ್ಟು ಜನ ಅಂತ ಬ್ಯಾಂಕಿನವರು ಕೇಳಿದರು. ಅಂದಾಜಿನ ಅಂಕಿಗಳನ್ನೇ ಎಣಿಸಿದರೆ ತೀರಾ ಕಡಿಮೆ ಜನ ಬಂದರು. ಅಂದಾಜುಗಳು ಯಾವಾಗಲೂ ನಿಜಕ್ಕಿಂತ ನಡುವಿಗೆ ಒತ್ತಿಕೊಂಡಿರುತ್ತವೆ, ತುದಿಯವರು ಕಾಣೆಯಾಗುತ್ತಾರೆ. ಬಡತನದ ನಕ್ಷೆ ಮಾಡುವವರು ಅಂದಾಜಿಗೆ ಉಳಿಕೆಯ (ನಿಜಕ್ಕೂ ಅಂದಾಜಿಗೂ ಇರುವ ವ್ಯತ್ಯಾಸದ) ಏರುಪೇರನ್ನು ಮತ್ತೆ ಮತ್ತೆ ಸೇರಿಸಿ ಎಣಿಸುವುದು ಇದಕ್ಕೇ. ನಾವೂ ಹಾಗೇ ಮಾಡಿದೆವು. ಒಬ್ಬರ ಸಾಲಕ್ಕೆ ಒಂದು ಅಂಕಿ, ಊರಿನ ಎಣಿಕೆಗೆ ಇನ್ನೊಂದು ಲೆಕ್ಕ ಅಂದಾಗ ಬ್ಯಾಂಕಿನವರ ಮುಖ ನೋಡಬೇಕಿತ್ತು.

ಸಾಲ ಕೊಟ್ಟ ದಿನ ಜಗಳವೂ ಆಯಿತು. "ನಾ ಹತ್ತ ಎಕರೆ ಅಂತ ಹೇಳೀನಿ, ನೀವು ಒಂಬತ್ತ ಹಿಡದೀರಿ. ನಾ ಏನ್ ಸುಳ್ಳ ಹೇಳ್ತೀನೇನ್ರಿ?" ಅಂತ ಒಬ್ಬರು ಮೇಲೆದ್ದರು. ಅವರ ಹೊಲ ಅಳೆದರೆ ಹತ್ತೂ ಕಾಲು. ಅವರ ಮಾತು ನ್ಯಾಯವಾದದ್ದೇ. ಹತ್ತು ಅಂದವರೆಲ್ಲರ ಸರಾಸರಿ ಒಂಬತ್ತು, ಇವರೊಬ್ಬರ ಹೊಲ ಒಂಬತ್ತಲ್ಲ. ಗುಂಪಿಗೆ ಸರಿಹೋಗುವ ಕಡಿತವನ್ನು ಒಬ್ಬ ಮನುಷ್ಯನ ಮುಖದ ಮೇಲೆ ಹೇಳುವುದು ಬೇರೆ ವಿಷಯ, ಅಲ್ವಾ? ಸಂಘ ಅಲ್ಲೇ ನಿಯಮ ಮಾಡಿತು. ತಕರಾರು ಇದ್ದವರ ಹೊಲ ಪುಕ್ಕಟೆ ಅಳೆದು, ಅಳೆದದ್ದನ್ನೇ ಹಿಡಿಯಬೇಕು.

ತಕರಾರು ತಂದವರೆಲ್ಲ ಹೆಚ್ಚುಕಡಿಮೆ ಲಾಭ ಆಗುವವರೇ. ಕಡಿಮೆ ಹೊಲ ಇದ್ದು ಜಾಸ್ತಿ ಹೇಳಿದವರು ಯಾಕೆ ಬರುತ್ತಾರೆ? ಈ ಹೊಸ ಅಳತೆಗಳನ್ನೂ ಚೀಟಿ ಎತ್ತಿ ಅಳೆದವುಗಳ ಜೊತೆ ಸೇರಿಸಿದರೆ ಡೇಟಾ ಹೆಚ್ಚಾಗುತ್ತದಲ್ಲ ಅಂತ ತಂಡಕ್ಕೆ ಆಸೆಯಾಯಿತು. ಸೇರಿಸಿದ್ದರೆ ಜನ ಹೇಳುವುದಕ್ಕಿಂತ ಹೊಲ ದೊಡ್ಡದೇ ಇರುತ್ತದೆ ಅಂತ ಸೂತ್ರ ಕಲಿಯುತ್ತಿತ್ತು. ಅವು ಬೇರೆ ಶೀಟಿನಲ್ಲೇ ಉಳಿದವು.

ಮರುವರ್ಷ ಎಲ್ಲರ ಹೊಲವನ್ನೂ ಜಿಪಿಎಸ್‌ನಲ್ಲಿ ಅಳೆಯಲು ಶುರು ಮಾಡಿದರು. ಬಾಯಿಮಾತಿನ ಎಕರೆಗೆ ಕಟ್ಟಿದ ಚಪ್ಪಟೆ ಗೆರೆಯನ್ನು ಅಳೆದ ಎಕರೆಗೆ ಹಾಕಿದರೆ ದೊಡ್ಡ ಹೊಲದವರಿಗೆ ಕಡಿಮೆ ಬರುತ್ತದೆ. ಹಾಗಾಗಿ ಅಳೆದವರಿಗೆ ಮಾತ್ರ ತಿದ್ದಿದ ಕಡಿದಾದ ಗೆರೆ, ಅಳೆಯದವರಿಗೆ ಹಳೆಯ ದಾರಿ. ಶೀಟಿನಲ್ಲಿ ಎಕರೆಯ ಪಕ್ಕ ಇನ್ನೊಂದು ಕಾಲಂ ಬಂತು: ಹೇಳಿದ್ದಾ, ಪಹಣಿಯದ್ದಾ, ಅಳೆದದ್ದಾ. ಬೆಳೆಯ ಪಕ್ಕ ಯಾವ ಚೀಲ ಅನ್ನುವ ಕಾಲಂ. ಮೊಬೈಲಿನಲ್ಲಿ ತಟ್ಟಿನ ಚೀಲ, ಗೊಬ್ಬರದ ಚೀಲ ಎರಡರ ಫೋಟೋ ಹಾಕಿದ್ದಾರೆ, ಕೇಳುವ ಹುಡುಗರು ಅದನ್ನೇ ತೋರಿಸಿ ಕೇಳುತ್ತಾರೆ.

ಲಾವಣಿ ಹೊಲದ ಸಮಸ್ಯೆ ಮಾತ್ರ ಹಾಗೇ ಇದೆ. ಮಾಲೀಕರು ಬದು ಮೇಲೆ ಜಿಪಿಎಸ್ ಹಿಡಿದು ನಡೆಯಲು ಬಿಡುವುದಿಲ್ಲ, ನಾಳೆ ಉಳುವವರು ಹೊಲ ತಮ್ಮದು ಅಂತ ದಾವೆ ಹಾಕಿಯಾರು ಅನ್ನುವ ಹೆದರಿಕೆ. ಉಳುವವರೂ ಒತ್ತಾಯ ಮಾಡುವುದಿಲ್ಲ, ಬರುವ ವರ್ಷ ಹೊಲ ಕೈತಪ್ಪೀತು ಅಂತ. ಅವರ ಎಕರೆ ಇವತ್ತಿಗೂ ಬಾಯಿಮಾತಿನದ್ದೇ. ಸಾಲ ತುರ್ತಾಗಿ ಬೇಕಾದವರಲ್ಲಿ ಅವರೇ ಜಾಸ್ತಿ.